ಆರಿದ ರಿಯಾಕ್ಟರು, ಆರದ ಇಂಧನ

‘ರಿಯಾಕ್ಟರನ್ನು ನಿಲ್ಲಿಸಿದ ಮೇಲೆ ಅಪಾಯವೂ ನಿಂತಿತಲ್ಲವೆ?’ ಪರಮಾಣು ವಿದ್ಯುತ್ತಿನ ಪಾಠ ಮುಗಿಯುವ ಹೊತ್ತಿಗೆ ತರಗತಿಯಲ್ಲಿ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು. ಪಠ್ಯಪುಸ್ತಕ ನಿಯಂತ್ರಕ ಸರಳುಗಳು ಒಳಗಿಳಿದು ಸರಪಣಿ ಕ್ರಿಯೆ ನಿಲ್ಲುವಲ್ಲಿಗೆ ಅಧ್ಯಾಯವನ್ನು ಮುಗಿಸುತ್ತದೆ. ಇಂಧನದ ಕಥೆ ಅಲ್ಲಿಂದ ಮುಂದೆಯೂ ಇದೆ.

ಯುರೇನಿಯಮ್ ಬೀಜ ಒಡೆದಾಗ ಹುಟ್ಟುವ ತುಣುಕುಗಳು ಬಹುಪಾಲು ಅಸ್ಥಿರ ಸಮಸ್ಥಾನಿಗಳು. ಬೀಟಾ ಕಣಗಳನ್ನೂ ಗ್ಯಾಮಾ ಕಿರಣಗಳನ್ನೂ ಹೊರಚೆಲ್ಲುತ್ತ ಅವು ಸ್ಥಿರತೆಯತ್ತ ಸಾಗುತ್ತವೆ. ಈ ವಿಕಿರಣ ಇಂಧನದಲ್ಲಿಯೇ ಹೀರಿಹೋಗಿ ಶಾಖವಾಗುತ್ತದೆ. ಇದೇ ಕ್ಷಯ ಶಾಖ. ಇದನ್ನು ನಿಲ್ಲಿಸುವ ಗುಂಡಿ ಯಾವ ನಿಯಂತ್ರಣ ಕೊಠಡಿಯಲ್ಲೂ ಇಲ್ಲ. ಉತ್ತರ ಕನ್ನಡದ ಕೈಗಾದಲ್ಲಿ ಇಂದು ನಡೆಯುತ್ತಿರುವ ನಾಲ್ಕು ಘಟಕಗಳಲ್ಲಿ ಒಂದೊಂದೂ 220 ಮೆಗಾವಾಟ್ ವಿದ್ಯುತ್ತಿನದು. ಅದಕ್ಕಾಗಿ ಒಳಗೆ ಹುಟ್ಟುವ ಶಾಖ ಸುಮಾರು 750 ಮೆಗಾವಾಟ್. ಸರಪಣಿ ಕ್ರಿಯೆ ನಿಂತ ಕ್ಷಣದಲ್ಲಿ ಇದರ ಶೇಕಡಾ 6ರಿಂದ 7ರಷ್ಟು, ಅಂದರೆ 50 ಮೆಗಾವಾಟಿನ ಆಸುಪಾಸು, ಇನ್ನೂ ಹೊಮ್ಮುತ್ತಿರುತ್ತದೆ. ಮನೆಯಲ್ಲಿ ಬಳಸುವ 2 ಕಿಲೋವಾಟಿನ ಗೀಸರುಗಳು 25 ಸಾವಿರ ಒಟ್ಟಿಗೆ ಉರಿದಂತೆ. ಒಂದು ಗಂಟೆಯಲ್ಲಿ ಅದು ಶೇಕಡಾ ಒಂದೂವರೆಗೂ ಒಂದು ದಿನದಲ್ಲಿ ಅರ್ಧಕ್ಕೂ ಇಳಿಯುತ್ತದೆ. ಇಳಿದರೂ ಸುಮಾರು ಎರಡು ಸಾವಿರ ಗೀಸರು ಉಳಿದವು. ಆಮೇಲಿನ ಇಳಿತ ಬಹಳ ನಿಧಾನ.

ಬೂದಿ ಮುಚ್ಚಿದ ಕೆಂಡ ಎಂಬ ಹೋಲಿಕೆ ಇಲ್ಲಿ ಸಹಜವಾಗಿಯೇ ನೆನಪಾಗುತ್ತದೆ. ಆದರೆ ಆ ಹೋಲಿಕೆಯನ್ನು ಜಾಗ್ರತೆಯಿಂದ ಬಳಸಬೇಕು. ಕೆಂಡಕ್ಕೆ ನೀರು ಸುರಿದರೆ ಅದು ಆರುತ್ತದೆ. ಬಳಸಿದ ಇಂಧನಕ್ಕೆ ನೀರು ಸುರಿದರೆ ಶಾಖ ನೀರಿಗೆ ಸಾಗುತ್ತದೆ, ಅಷ್ಟೆ. ಹುಟ್ಟುವ ಶಾಖ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಈ ಕಾರಣದಿಂದ ರಿಯಾಕ್ಟರಿನಿಂದ ತೆಗೆದ ಇಂಧನವನ್ನು ಹಲವು ವರ್ಷ ಆಳವಾದ ನೀರಿನ ಕೊಳದಲ್ಲಿಡುತ್ತಾರೆ. ನೀರು ಶಾಖವನ್ನು ಒಯ್ಯುತ್ತದೆ, ಜೊತೆಗೆ ವಿಕಿರಣವನ್ನೂ ತಡೆಯುತ್ತದೆ. ಹಲವು ಮೀಟರ್ ನೀರಿದ್ದರೆ ಮೇಲೆ ಕಟ್ಟೆಯ ಬಳಿ ಮನುಷ್ಯ ನಿಂತು ಕೆಲಸ ಮಾಡಬಹುದು. ನೀರು ಹೋಯಿತೆಂದರೆ ಎರಡು ರಕ್ಷಣೆಯೂ ಒಮ್ಮೆಗೇ ಹೋದಂತೆ. ಕೆಟ್ಟದ್ದನ್ನು ಸರಿಪಡಿಸಲು ಹತ್ತಿರ ಹೋಗುವುದಕ್ಕೂ ಆಗುವುದಿಲ್ಲ.

ಫುಕುಶಿಮಾದ ನಾಲ್ಕನೆಯ ಘಟಕ

ಜಪಾನಿನ ಫುಕುಶಿಮಾ ದಾಯಿಚಿ ಸ್ಥಾವರದಲ್ಲಿ 2011ರ ಮಾರ್ಚ್ 11ರಂದು ಭೂಕಂಪ, ಅದರ ಬೆನ್ನಿಗೆ ಸುನಾಮಿ ಬಂದಾಗ ನಾಲ್ಕನೆಯ ಘಟಕದ ರಿಯಾಕ್ಟರಿನಲ್ಲಿ ಇಂಧನವೇ ಇರಲಿಲ್ಲ. ದುರಸ್ತಿಗಾಗಿ 2010ರ ಕೊನೆಯಲ್ಲಿ ಇಡೀ ಇಂಧನವನ್ನು ಪಕ್ಕದ ಕೊಳಕ್ಕೆ ಸಾಗಿಸಲಾಗಿತ್ತು. ಆ ಕೊಳದಲ್ಲಿ 1331 ಬಳಸಿದ ಜೋಡಣೆಗಳೂ 204 ಹೊಸ ಜೋಡಣೆಗಳೂ ಇದ್ದವು. ಕೊಳವಿದ್ದದ್ದು ರಿಯಾಕ್ಟರ್ ಕಟ್ಟಡದ ಮೇಲಂತಸ್ತಿನಲ್ಲಿ. ವಿದ್ಯುತ್ ಹೋದೊಡನೆ ಕೊಳದ ನೀರನ್ನು ತಂಪುಮಾಡುವ ಪಂಪುಗಳು ನಿಂತವು.

ಮುಂದೆ ಏನಾಗಬಹುದು? ಪಿಯುಸಿ ವಿದ್ಯಾರ್ಥಿಗಳಿಂದ ಮಾಡಿಸಬಹುದಾದ ಲೆಕ್ಕ ಇದು. ಕೊಳದಲ್ಲಿದ್ದ ಇಂಧನದ ಕ್ಷಯ ಶಾಖ ಸುಮಾರು 2.3 ಮೆಗಾವಾಟ್, ನೀರು ಸುಮಾರು 1400 ಟನ್. ವಿಶಿಷ್ಟೋಷ್ಣವನ್ನು ಬಳಸಿ ಗುಣಿಸಿದರೆ 30 ಡಿಗ್ರಿಯ ನೀರು ಕುದಿಯಲು ಎರಡು ದಿನ ಸಾಕು. ಒಂದು ಕಿಲೋಗ್ರಾಂ ನೀರನ್ನು ಆವಿಮಾಡಲು 2.26 ಮೆಗಾಜೂಲ್ ಬೇಕು. ಆದ್ದರಿಂದ ಕುದಿ ಹಿಡಿದ ಮೇಲೆ ಸೆಕೆಂಡಿಗೆ ಒಂದು ಕಿಲೋಗ್ರಾಂ, ದಿನಕ್ಕೆ 86 ಟನ್ ನೀರು ಹೋಗುತ್ತದೆ. ಕೊಳದ ವಿಸ್ತೀರ್ಣ 120 ಚದರ ಮೀಟರ್ ಎಂದಿಟ್ಟುಕೊಂಡರೆ ಮಟ್ಟ ದಿನಕ್ಕೆ 72 ಸೆಂಟಿಮೀಟರ್ ಇಳಿಯಬೇಕು. ಇಂಧನದ ತಲೆಯ ಮೇಲೆ 7 ಮೀಟರ್ ನೀರಿದ್ದರೆ ಸುಮಾರು ಹತ್ತು ದಿನ. ಕೊಳ ಬಿರುಕು ಬಿಟ್ಟಿಲ್ಲ ಎಂದಾದರೆ ಮಾತ್ರ ಈ ಲೆಕ್ಕ.

ಇಂಧನದ ತುದಿ ನೀರಿನಿಂದ ಹೊರಬಂದರೆ ಅದರ ಹೊದಿಕೆಯಾದ ಜಿರ್ಕೋನಿಯಮ್ ಮಿಶ್ರಲೋಹ ಕಾಯತೊಡಗುತ್ತದೆ. ಸುಮಾರು 900 ಡಿಗ್ರಿ ದಾಟಿತೆಂದರೆ ಅದು ಉಗಿಯೊಡನೆ ರಭಸವಾಗಿ ವರ್ತಿಸಿ ಆಕ್ಸೈಡ್ ಆಗುತ್ತದೆ, ಹೈಡ್ರೊಜನ್ ಬಿಡುಗಡೆಯಾಗುತ್ತದೆ. ಈ ಕ್ರಿಯೆಯೇ ಇನ್ನಷ್ಟು ಶಾಖ ಕೊಡುತ್ತದೆ. ಗಾಳಿ ಸಿಕ್ಕರೆ ಲೋಹವೇ ಹೊತ್ತಿ ಉರಿಯಬಹುದು. ಹಾಗಾದರೆ ಒಳಗಿನ ಸೀಸಿಯಮ್ ಆವಿಯಾಗಿ ಹೊರಗೆ ಬರುತ್ತದೆ. ರಿಯಾಕ್ಟರಿನ ಸುತ್ತ ಇರುವಂಥ ದಪ್ಪ ಉಕ್ಕಿನ ಪಾತ್ರೆಯಾಗಲಿ ಧಾರಕ ಗೋಡೆಯಾಗಲಿ ಆ ಕೊಳಕ್ಕಿರಲಿಲ್ಲ.

ಮಾರ್ಚ್ 15ರ ಬೆಳಗ್ಗೆ ನಾಲ್ಕನೆಯ ಘಟಕದ ಕಟ್ಟಡ ಸ್ಫೋಟಿಸಿತು. ರಿಯಾಕ್ಟರಿನಲ್ಲಿ ಇಂಧನವೇ ಇಲ್ಲದಿರುವಾಗ ಹೈಡ್ರೊಜನ್ ಎಲ್ಲಿಂದ ಬಂತು? ಕೊಳ ಬತ್ತಿ ಜಿರ್ಕೋನಿಯಮ್ ಉರಿಯುತ್ತಿದೆ ಎಂಬ ಅನುಮಾನ ಸಹಜವಾಗಿತ್ತು. ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಅಧ್ಯಕ್ಷ ಗ್ರೆಗರಿ ಯಾಸ್ಕೊ ಕೊಳದಲ್ಲಿ ನೀರಿಲ್ಲವೆಂದೇ ತಮ್ಮ ಸಂಸತ್ತಿನ ಮುಂದೆ ಹೇಳಿದರು. ಅಮೆರಿಕನ್ನರು 80 ಕಿ.ಮೀ. ದೂರ ಹೋಗಬೇಕೆಂಬ ಸಲಹೆ ಹೊರಟಿತು. ಆ ಕೊಳದಲ್ಲಿದ್ದ ಸೀಸಿಯಮ್-137 ಚೆರ್ನೋಬಿಲ್ ಅಪಘಾತದಲ್ಲಿ ಹೊರಬಿದ್ದದ್ದರ ಸುಮಾರು ಹತ್ತು ಪಟ್ಟು ಎಂಬುದನ್ನು ನೆನೆದರೆ ಆ ಗಾಬರಿಯನ್ನು ಅತಿರೇಕ ಎನ್ನಲಾಗದು.

ವಾಸ್ತವದಲ್ಲಿ ನೀರಿತ್ತು. ಹೈಡ್ರೊಜನ್ ಬಂದದ್ದು ಪಕ್ಕದ ಮೂರನೆಯ ಘಟಕದಿಂದ, ಎರಡಕ್ಕೂ ಕೂಡಿಕೊಂಡಿದ್ದ ಹೊಗೆಕೊಳವೆಯ ಮೂಲಕ ಎಂದು ಮುಂದೆ ತಿಳಿಯಿತು. ಕೊಳ ಬತ್ತದಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ರಿಯಾಕ್ಟರಿನ ಮೇಲ್ಭಾಗದ ಗುಂಡಿಯಲ್ಲಿ ದುರಸ್ತಿಗೆಂದು ನೀರು ತುಂಬಿಸಿದ್ದರು. ಮಾರ್ಚ್ ಮೊದಲ ಭಾಗದಲ್ಲಿ ಅದನ್ನು ಖಾಲಿ ಮಾಡಬೇಕಿತ್ತು. ಕೆಲಸ ತಡವಾದ್ದರಿಂದ ಅದು ಅಲ್ಲಿಯೇ ಉಳಿದಿತ್ತು. ಕೊಳದ ಮಟ್ಟ ಇಳಿದಾಗ ನಡುವಿನ ಬಾಗಿಲಿನ ಸಂದಿನಿಂದ ಆ ನೀರು ಕೊಳಕ್ಕೆ ನುಗ್ಗಿತು. ಮುಂದೆ ಕಾಂಕ್ರೀಟ್ ಪಂಪಿನ ಉದ್ದ ತೋಳಿನಿಂದ ನೀರು ಹಾಕುವ ವ್ಯವಸ್ಥೆಯಾಯಿತು. ಯಾವ ಸುರಕ್ಷಾ ಕೈಪಿಡಿಯಲ್ಲೂ ಇಲ್ಲದ ಈ ಆಕಸ್ಮಿಕವನ್ನು ಎಂಜಿನಿಯರುಗಳು ತಮ್ಮ ಯಶಸ್ಸಿನ ಪಟ್ಟಿಗೆ ಸೇರಿಸಿಕೊಳ್ಳುವಂತಿಲ್ಲ.

ಅದೇ ಆವರಣದಲ್ಲಿ ಒಂಬತ್ತು ಒಣ ಪೀಪಾಯಿಗಳಲ್ಲಿ 408 ಹಳೆಯ ಜೋಡಣೆಗಳಿದ್ದವು. ಸುನಾಮಿ ಆ ಕಟ್ಟಡಕ್ಕೂ ನುಗ್ಗಿತು, ಆದರೆ ಪೀಪಾಯಿಗಳಿಗೆ ಏನೂ ಆಗಲಿಲ್ಲ. ಸುತ್ತ ಹರಿಯುವ ಗಾಳಿಯಿಂದಲೇ ತಣಿಯುವ ಅವಕ್ಕೆ ಪಂಪೂ ಬೇಡ, ವಿದ್ಯುತ್ತೂ ಬೇಡ. ಕೆಲವು ವರ್ಷ ಕೊಳದಲ್ಲಿ ತಣಿದ ಇಂಧನವನ್ನು ಒಣ ಸಂಗ್ರಹಕ್ಕೆ ಸಾಗಿಸುವುದೇ ಮೇಲು ಎಂದು ನಾನು ಭಾವಿಸಲು ಇದೊಂದು ಉದಾಹರಣೆಯೇ ಸಾಕು.

ನಾಲ್ಕನೆಯ ಘಟಕದ ಕೊಳವನ್ನು 2014ರ ಡಿಸೆಂಬರಿನಲ್ಲಿ, ಮೂರನೆಯದನ್ನು 2021ರ ಫೆಬ್ರವರಿಯಲ್ಲಿ ಬರಿದು ಮಾಡಿದರು. ಒಂದನೆಯ ಘಟಕದ ಕೊಳದಲ್ಲಿ 2025ರ ಕೊನೆಗೂ 392 ಜೋಡಣೆಗಳು ಉಳಿದಿದ್ದವು. ಮೂರು ರಿಯಾಕ್ಟರುಗಳ ಒಳಗೆ ಕರಗಿ ಗಟ್ಟಿಯಾದ ಇಂಧನದ ರಾಶಿ ಸುಮಾರು 880 ಟನ್ ಎಂದು ಅಂದಾಜು. 2024ರ ನವೆಂಬರಿನಲ್ಲಿ ಮೊದಲ ಬಾರಿ ಹೊರತೆಗೆದ ಮಾದರಿಯ ತೂಕ 0.7 ಗ್ರಾಂ.

ಕೈಗಾದ ಕೊಳ ಬೇರೆ ಬಗೆಯದು

2011ರ ಮಾರ್ಚ್ ಕೊನೆಯಲ್ಲಿ ಜಪಾನಿನ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಶುನ್‌ಸುಕೆ ಕೊಂಡೊ ಸರಕಾರಕ್ಕೆ ಒಂದು ಕೆಟ್ಟ ಸಂಭವದ ಅಂದಾಜು ಕೊಟ್ಟರು. ಕೊಳಗಳ ಇಂಧನ ಕೆಟ್ಟರೆ 170 ಕಿ.ಮೀ.ವರೆಗೆ ಕಡ್ಡಾಯವಾಗಿ, 250 ಕಿ.ಮೀ.ವರೆಗೆ ಇಷ್ಟಪಟ್ಟವರು ಊರು ಬಿಡಬೇಕಾಗಬಹುದು ಎಂಬುದು ಅದರ ಸಾರ. ಕರ್ನಾಟಕದ ನಕಾಶೆಯಲ್ಲಿ ಕೈಗಾದ ಮೇಲೆ ಕೈವಾರದ ಮೊನೆಯಿಟ್ಟು ಈ ಎರಡು ವೃತ್ತಗಳನ್ನು ಎಳೆದು ನೋಡಿ. ಒಳವೃತ್ತ ಉಡುಪಿಯ ಹತ್ತಿರ ಹಾಯುತ್ತದೆ. ಹುಬ್ಬಳ್ಳಿ, ಪಣಜಿ ಎರಡೂ ಅದರೊಳಗೆ. ಮೂಡುಬಿದಿರೆ ನೇರ ದೂರದಲ್ಲಿ ಸುಮಾರು 210 ಕಿ.ಮೀ., ಬೆಳ್ತಂಗಡಿ ಮತ್ತು ಬಂಟ್ವಾಳ 225ರಿಂದ 230 ಕಿ.ಮೀ.; ಮೂರೂ ಹೊರವೃತ್ತದೊಳಗೆ ಬೀಳುತ್ತವೆ. ಭಾರತದಲ್ಲಿ ತುರ್ತು ಯೋಜನೆಗೆ ಮೊದಲಿನಿಂದ ಪರಿಗಣಿಸುತ್ತ ಬಂದದ್ದು 16 ಕಿ.ಮೀ. ವಲಯ.

ಆದರೆ ಈ ವೃತ್ತವನ್ನು ಹಾಗೆಯೇ ಕೈಗಾಕ್ಕೆ ಅನ್ವಯಿಸುವುದು ಭೌತವಿಜ್ಞಾನಕ್ಕೆ ಒಪ್ಪುವಂಥದ್ದಲ್ಲ. ಕೈಗಾದವು ಸ್ವಾಭಾವಿಕ ಯುರೇನಿಯಮ್ ಬಳಸುವ ಭಾರಜಲ ರಿಯಾಕ್ಟರುಗಳು. ಅರ್ಧ ಮೀಟರ್ ಉದ್ದದ ಇಂಧನ ಕಟ್ಟುಗಳನ್ನು ರಿಯಾಕ್ಟರ್ ನಡೆಯುತ್ತಿರುವಾಗಲೇ ದಿನಕ್ಕೆ ಸರಾಸರಿ ಎಂಟೊಂಬತ್ತರಂತೆ ಬದಲಿಸುತ್ತಾರೆ. ಫುಕುಶಿಮಾದಂತೆ ಬಿಸಿಬಿಸಿ ಇಂಧನವೆಲ್ಲ ಒಮ್ಮೆಗೇ ಕೊಳಕ್ಕೆ ಬರುವ ವಾಡಿಕೆ ಇಲ್ಲಿಲ್ಲ. ಒಂದು ಟನ್ ಇಂಧನದಿಂದ ಪಡೆಯುವ ಶಕ್ತಿಯೂ ಅಲ್ಲಿಯದರ ಐದನೆಯ ಒಂದರಷ್ಟು, ಆದ್ದರಿಂದ ಶಾಖವೂ ವಿರಳ. ಸಾಧಾರಣ ನೀರಿನಲ್ಲಿ ಸ್ವಾಭಾವಿಕ ಯುರೇನಿಯಮ್ ಸರಪಣಿ ಕ್ರಿಯೆ ನಡೆಸಲಾರದು. ಕೊಳದಲ್ಲಿ ಅದು ಮತ್ತೆ ‘ಹೊತ್ತಿಕೊಳ್ಳುವ’ ಭಯವಿಲ್ಲ. ಕೊಳವಿರುವುದು ರಿಯಾಕ್ಟರಿನ ನೆತ್ತಿಯಲ್ಲಲ್ಲ, ಪಕ್ಕದ ಬೇರೆ ಕಟ್ಟಡದಲ್ಲಿ. ನೀರು ಇಳಿಯಲು ಇಲ್ಲಿ ಹೆಚ್ಚು ದಿನಗಳು ಹಿಡಿಯುತ್ತವೆ.

ಇನ್ನೊಂದು ಮಗ್ಗುಲನ್ನೂ ನೋಡೋಣ. ಕಡಿಮೆ ಉರಿಯುವುದರಿಂದ ಇಂಧನದ ರಾಶಿ ದೊಡ್ಡದು: ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಒಂದು ಘಟಕಕ್ಕೆ ವರ್ಷಕ್ಕೆ ಸುಮಾರು 40 ಟನ್. ಅದರಲ್ಲಿ ಹುಟ್ಟುವ ಸೀಸಿಯಮ್-137 ಸುಮಾರು 10 ಕಿಲೋಗ್ರಾಂ. ಫುಕುಶಿಮಾದಿಂದ ಗಾಳಿಗೆ ಸೇರಿದ್ದು 2ರಿಂದ 6 ಕಿಲೋಗ್ರಾಂ ಎಂಬುದರೊಡನೆ ಇದನ್ನು ಹೋಲಿಸಿ. ಇಂಧನ ಗಟ್ಟಿಯಾಗಿರುವವರೆಗೆ ಈ ಸೀಸಿಯಮ್ ಹೊರಬರುವುದಿಲ್ಲ. ಕೊಳದಲ್ಲಿ ನೀರಿರಬೇಕಾದ್ದು ಅದಕ್ಕಾಗಿ. ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ 2017ರಲ್ಲಿ ಒಪ್ಪಿಗೆ ದೊರೆತಿದೆ. ನಮ್ಮ ದೇಶದ ನೀತಿ ಇಂಥ ಇಂಧನವನ್ನು ತಾರಾಪುರ, ಕಲ್ಪಾಕಂನಂಥ ಕಡೆ ಮರುಸಂಸ್ಕರಿಸುವುದು. ಅಲ್ಲಿಗೆ ಹೋಗುವವರೆಗೆ ಅದು ಇದ್ದಲ್ಲಿಯೇ ಕಾಯಬೇಕು.

ನಮ್ಮಲ್ಲಿ ವಿದ್ಯುತ್ ಹೋದ ಸಂದರ್ಭ ಇಲ್ಲವೆಂದಲ್ಲ. ಉತ್ತರ ಪ್ರದೇಶದ ನರೋರಾದಲ್ಲಿ, ಕೈಗಾದ್ದೇ ಬಗೆಯ ರಿಯಾಕ್ಟರಿನಲ್ಲಿ, 1993ರ ಮಾರ್ಚ್ 31ರಂದು ಟರ್ಬೈನ್ ಕಟ್ಟಡಕ್ಕೆ ಬೆಂಕಿ ಬಿತ್ತು. 17 ಗಂಟೆ ಇಡೀ ಘಟಕಕ್ಕೆ ವಿದ್ಯುತ್ ಇರಲಿಲ್ಲ. ಬೆಂಕಿ ಆರಿಸಲೆಂದಿದ್ದ ಡೀಸೆಲ್ ಪಂಪುಗಳಿಂದ ನೀರು ಹರಿಸಿ ಸಿಬ್ಬಂದಿ ಕ್ಷಯ ಶಾಖವನ್ನು ಹೊರಸಾಗಿಸಿದರು. ಫುಕುಶಿಮಾದ ಬಳಿಕ ನಮ್ಮ ಸ್ಥಾವರಗಳಲ್ಲಿ ಹೊರಗಿನಿಂದ ನೀರು ಹಾಕಲು ಪ್ರತ್ಯೇಕ ಜೋಡಣೆಗಳನ್ನು ಅಳವಡಿಸಲಾಗಿದೆ. ಕೈಗಾದ ಮಗ್ಗುಲಲ್ಲಿಯೇ ಕಾಳಿ ನದಿಯ ಕದ್ರಾ ಜಲಾಶಯವಿರುವುದರಿಂದ ನೀರಿಗೆ ಕೊರತೆಯಿಲ್ಲ. ಡೀಸೆಲ್, ಪಂಪು, ಪಂಪನ್ನು ತರುವ ದಾರಿ ಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋದದ್ದನ್ನು ಕಂಡವರಿಗೆ ಮಳೆಗಾಲದಲ್ಲಿ ಆ ಜಿಲ್ಲೆಯ ದಾರಿ ಎಂದರೇನೆಂದು ವಿವರಿಸಬೇಕಿಲ್ಲ.

ಮಳೆ, ಮಣ್ಣು, ಹಾಲು

ಕೊಳದ ಅಪಘಾತ ರಿಯಾಕ್ಟರಿನ ಅಪಘಾತದಂತಲ್ಲ. ರಿಯಾಕ್ಟರಿನಿಂದ ಬರುವ ಅಯೊಡಿನ್-131ರ ಅರ್ಧಾಯು 8 ದಿನ. 80 ದಿನಗಳಲ್ಲಿ ಅದು ಸಾವಿರದಲ್ಲೊಂದು ಪಾಲಾಗುತ್ತದೆ. ವರ್ಷ ಕಳೆದ ಇಂಧನದಲ್ಲಿ ಇಲ್ಲವೆಂದೇ ಹೇಳಬಹುದು. ಹೀಗಾಗಿ ಹಳೆಯ ಇಂಧನ ಕೆಟ್ಟಾಗ ಅಯೊಡಿನ್ ಮಾತ್ರೆಯಿಂದ ಪ್ರಯೋಜನವಿಲ್ಲ. ಆಗ ಎದುರಾಗುವುದು 30 ವರ್ಷ ಅರ್ಧಾಯುವಿನ ಸೀಸಿಯಮ್-137.

ಅದು ಎಲ್ಲಿ ಬೀಳುತ್ತದೆಂಬುದನ್ನು ನಿರ್ಧರಿಸುವುದು ದೂರಕ್ಕಿಂತ ಹೆಚ್ಚಾಗಿ ಗಾಳಿ ಮತ್ತು ಮಳೆ. ಫುಕುಶಿಮಾದಿಂದ ಸುಮಾರು 40 ಕಿ.ಮೀ. ದೂರದ ಈತಾತೆ ಗ್ರಾಮ ಮೊದಲ ತೆರವು ವಲಯದ ಹೊರಗಿತ್ತು. ವಿಕಿರಣದ ಮೋಡ ಮೇಲೆ ಸಾಗುತ್ತಿದ್ದಾಗ ಅಲ್ಲಿ ಮಳೆ, ಹಿಮ ಬಿದ್ದವು. ಊರನ್ನೇ ಖಾಲಿ ಮಾಡಿಸಬೇಕಾಯಿತು. ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಕಡಲಿನಿಂದ ಘಟ್ಟದ ಕಡೆಗೆ. ಆಗ ಕೈಗಾದಿಂದ ಹೊರಟದ್ದು ಮೊದಲು ಯಲ್ಲಾಪುರ, ಧಾರವಾಡಗಳತ್ತ ಸಾಗುವ ಸಂಭವ ಹೆಚ್ಚು. ಮಳೆಗಾಲ ಕಳೆದ ಮೇಲೆ ಈಶಾನ್ಯದ ಗಾಳಿ, ಹಗಲಿನ ಕಡಲಗಾಳಿ, ಇರುಳಿನ ನೆಲಗಾಳಿ ಎಂದು ದಿಕ್ಕು ಹೊತ್ತಿಗೊಂದಾಗುತ್ತದೆ.

ಮಣ್ಣಿನ ವಿಚಾರ ಇನ್ನೂ ಕುತೂಹಲದ್ದು. ಸೀಸಿಯಮ್ ರಾಸಾಯನಿಕವಾಗಿ ಪೊಟ್ಯಾಸಿಯಮ್ಮಿನ ಬಂಧು. ಇಲೈಟ್ ಎಂಬ ಜೇಡಿ ಖನಿಜ ಅದನ್ನು ಪದರಗಳ ನಡುವೆ ಬಿಗಿಯಾಗಿ ಹಿಡಿದಿಡುತ್ತದೆ. ಬಂಟ್ವಾಳ, ಮೂಡುಬಿದಿರೆಗಳ ಮುರಕಲ್ಲಿನ ಮಣ್ಣಿನಲ್ಲಿ ಹೆಚ್ಚಾಗಿರುವುದು ಕೇಯೊಲಿನೈಟ್. ಅದರ ಹಿಡಿತ ಸಡಿಲ. ಪೊಟ್ಯಾಸಿಯಮ್ ಕೂಡ ಇಂಥ ಮಣ್ಣಿನಲ್ಲಿ ಕಡಿಮೆಯಿದ್ದರೆ ಬೇರುಗಳು ಸೀಸಿಯಮ್ಮನ್ನು ಎಳೆದುಕೊಳ್ಳುತ್ತವೆ. ಹುಲ್ಲಿನಿಂದ ದನಕ್ಕೆ, ದನದಿಂದ ಹಾಲಿಗೆ ದಾರಿ ಹತ್ತಿರ. ಬೆಳ್ತಂಗಡಿಯ ತೋಟಗಳಲ್ಲಿ ಕಾಡಿನ ಸೊಪ್ಪು, ತರಗೆಲೆಗಳನ್ನು ಹಟ್ಟಿಗೂ ಅಡಿಕೆ ಮರದ ಬುಡಕ್ಕೂ ಹಾಕುವ ಪದ್ಧತಿಯಿದೆ. ಗುಡ್ಡದ ಮೇಲೆ ಬಿದ್ದದ್ದು ಹೀಗೆ ತೋಟಕ್ಕೆ ಇಳಿಯುತ್ತದೆ. ಜಪಾನಿನಲ್ಲಿ ಹೊಲಗಳನ್ನು ಕೆರೆದು ತೊಳೆದರೂ ಕಾಡನ್ನು ಹೆಚ್ಚಾಗಿ ಹಾಗೆಯೇ ಬಿಡಬೇಕಾಯಿತು.

ಇಂಥ ಮಾತಿಗೆ ಅಳತೆಯ ಆಧಾರ ಬೇಕು. ಬಂಟ್ವಾಳಕ್ಕೆ ಹತ್ತಿರದ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಪರಿಸರ ವಿಕಿರಣ ಸಂಶೋಧನ ಕೇಂದ್ರವಿದೆ. ಕೈಗಾ ಪರಿಸರದ ಮಣ್ಣು, ಎಲೆ, ನೀರುಗಳಲ್ಲಿ ವಿಕಿರಣದ ಮಟ್ಟವನ್ನು ಅಳೆಯುವ ಕೆಲಸ ಈ ವಿಶ್ವವಿದ್ಯಾನಿಲಯದಿಂದ ನಡೆದಿದೆ. ಅಪಘಾತವಾದ ಮೇಲೆ ‘ಎಷ್ಟು ಹೆಚ್ಚಿತು’ ಎಂದು ಹೇಳಬೇಕಾದರೆ ಮೊದಲು ಎಷ್ಟಿತ್ತೆಂದು ಗೊತ್ತಿರಬೇಕಷ್ಟೆ. ಏಕೆಂದರೆ ಸೀಸಿಯಮ್-137 ನಮ್ಮ ಮಣ್ಣಿನಲ್ಲಿ ಈಗಲೂ ಇದೆ. ಅಣುಬಾಂಬು ಪರೀಕ್ಷೆಗಳ ಕಾಲದಲ್ಲಿ ಜಗತ್ತಿನಲ್ಲೆಲ್ಲ ಬಿದ್ದದ್ದು ಅದು. 1963ರಲ್ಲಿ ಬಿದ್ದದ್ದರಲ್ಲಿ 2023ಕ್ಕೆ ಕಾಲುಭಾಗ ಉಳಿದಿದೆ ಎಂಬುದನ್ನು ವಿದ್ಯಾರ್ಥಿಗಳು ಬಾಯಿಲೆಕ್ಕದಲ್ಲೇ ಹೇಳಬಹುದು.