ತೊಂಬತ್ತರ ತೊಡೆಗೂ ಬಲ ಬರುತ್ತದೆ

"ಅಪ್ಪನಿಗೆ ಎಂಬತ್ತು ದಾಟಿದೆ. ಒಂದು ದಿನವೂ ವಾಕಿಂಗ್ ತಪ್ಪಿಸುವುದಿಲ್ಲ. ಆದರೂ ಕುರ್ಚಿಯಿಂದ ಏಳಬೇಕಾದರೆ ಕೈ ಊರಲೇಬೇಕು. ಯಾಕೆ?" ಎಂದು ಓದುಗರೊಬ್ಬರು ಕೇಳಿದ್ದಾರೆ.

ನಡಿಗೆ ಹೃದಯಕ್ಕೆ ಒಳ್ಳೆಯದು, ಸಂಶಯವಿಲ್ಲ. ಆದರೆ ಕೂತಲ್ಲಿಂದ ಏಳುವುದು ಬೇರೆಯೇ ಕೆಲಸ. ತೊಡೆಯ ಸ್ನಾಯು ಒಂದೆರಡು ಕ್ಷಣದಲ್ಲಿ ಇಡೀ ಮೈಭಾರ ಎತ್ತಬೇಕು. ಅದಕ್ಕೆ ನೆರವಾಗುವ ವೇಗದ ಎಳೆಗಳೇ ವಯಸ್ಸಾದಂತೆ ಹೆಚ್ಚು ಸೊರಗುತ್ತವೆ. ಸಮತಟ್ಟು ರಸ್ತೆಯ ನಿಧಾನ ನಡಿಗೆ ಅವನ್ನು ಅಷ್ಟಾಗಿ ದುಡಿಸುವುದಿಲ್ಲ.

ಸೊರಗಿದ ಸ್ನಾಯು ಮತ್ತೆ ಚೇತರಿಸಿಕೊಳ್ಳುತ್ತದೆಯೇ? ಅಮೆರಿಕದ ವೈದ್ಯೆ ಮರಿಯಾ ಫಿಯಾಟರೋನ್ ಇದನ್ನು ಪರೀಕ್ಷಿಸಿದ್ದು ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ. 1990ರಲ್ಲಿ ಪ್ರಕಟವಾದ ಆ ಪ್ರಯೋಗಕ್ಕೆ ಒಪ್ಪಿದವರು ಹತ್ತು ಮಂದಿ. ಸರಾಸರಿ ವಯಸ್ಸು 90. ಕೂತು, ಮಂಡಿ ನೀಟಿ ಕಾಲಿನಿಂದ ಭಾರ ಎತ್ತಬೇಕು. ಒಬ್ಬೊಬ್ಬರೂ ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ಶೇ. 80ರಷ್ಟನ್ನು, ಎಂಟೆಂಟು ಸಲದಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಎಂಟು ವಾರ ಮುಗಿಸಿದ ಒಂಬತ್ತು ಮಂದಿಯ ಬಲ ಸರಾಸರಿ ಶೇ. 174ರಷ್ಟು ಏರಿತು. ಇಬ್ಬರು ಊರುಗೋಲು ಬಿಟ್ಟು ನಡೆದರು!

ತೊಡೆಯ ಸ್ನಾಯು ದಪ್ಪಗಾದದ್ದು ಮಾತ್ರ ಶೇ. 9ರಷ್ಟೇ. ಹಾಗಾದರೆ ಉಳಿದ ಬಲ ಎಲ್ಲಿಯದು? ಬಹುಪಾಲು ನರಗಳದು. ಸುಮ್ಮನಿದ್ದ ಎಳೆಗಳನ್ನೂ ಒಟ್ಟಿಗೆ ಕೆಲಸಕ್ಕೆ ಎಬ್ಬಿಸುವುದನ್ನು ಅವು ಮತ್ತೆ ಕಲಿಯುತ್ತವೆ. ಅಭ್ಯಾಸ ನಿಲ್ಲಿಸಿದ ನಾಲ್ಕೇ ವಾರಕ್ಕೆ ಬಲ ಶೇ. 32ರಷ್ಟು ಕುಸಿದದ್ದೂ ಅದೇ ವರದಿಯಲ್ಲಿದೆ.

ಹತ್ತು ಮಂದಿಯ ಮೇಲೆ ತೀರ್ಮಾನ ಸಲ್ಲದು ಎನ್ನಬಹುದು. 1994ರಲ್ಲಿ ಅದೇ ತಂಡ ನೂರು ಹಿರಿಯರೊಂದಿಗೆ ಹತ್ತು ವಾರ ಪ್ರಯೋಗ ನಡೆಸಿತು. ವ್ಯಾಯಾಮ ಮಾಡಿದವರ ಬಲ ದುಪ್ಪಟ್ಟಿಗೂ ಹೆಚ್ಚಾಯಿತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯವನ್ನಷ್ಟೇ ಕುಡಿದವರಿಗೆ ಬಲ ಬರಲಿಲ್ಲ. ಹಿರಿಯರಿಗೆಂದು ಪುಡಿ ಡಬ್ಬಿ ಮಾರುವ ಜಾಹೀರಾತು ಕಂಡಾಗ ಇದು ನೆನಪಿರಲಿ.

ನಿಮ್ಮ ತಂದೆ ವಾಕಿಂಗ್ ಬಿಡಬೇಕಿಲ್ಲ, ತೊಡೆಗೂ ಕೆಲಸ ಕೊಡಲಿ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2020ರಲ್ಲಿ ಹೇಳಿದೆ. ಮೊದಲು ವೈದ್ಯರನ್ನು ಕೇಳಿ. ಆಮೇಲೆ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿಟ್ಟು, ಎತ್ತರಕ್ಕೊಂದು ದಪ್ಪ ದಿಂಬು ಹಾಕಿ. ಪಾದ ಹಿಂದಕ್ಕೆಳೆದು, ಮುಂದೆ ಬಾಗಿ, ಕೈ ಊರದೆ ಏಳಲಿ. ಧೊಪ್ಪನೆ ಕೂರದೆ ನಿಧಾನವಾಗಿ ಇಳಿಯಲಿ. ಪಕ್ಕದಲ್ಲಿ ಒಬ್ಬರು ನಿಂತಿರಿ. ಎಂಟು ಸಲ ಸಲೀಸಾದ ದಿನ ದಿಂಬು ತೆಗೆಯಿರಿ. ಸುಲಭವಾದ ಕೂಡಲೇ ತುಸು ಕಷ್ಟ ಸೇರಿಸಬೇಕು. ಸ್ನಾಯು ಬೆಳೆಯುವುದೇ ಹಾಗೆ, ಯಾವ ವಯಸ್ಸಿನಲ್ಲೂ.