ಹೊಸ ಹರಿಗೋಲು

ತಳವಾರಘಟ್ಟದ ಅಂಬಿಗನೊಬ್ಬ ಹೋದ ತಿಂಗಳು ಹೊಸ ಹರಿಗೋಲು ಕೊಂಡ. ಬ್ಯಾಂಕಿನಲ್ಲಿದ್ದಾಗ ಅವನ ಅಪ್ಪನ ಪಾಸ್‌ಬುಕ್ ಬರೆಯುತ್ತಿದ್ದವನು ನಾನು. "ಸಾಹೇಬ್ರ, ಮೊಮ್ಮಗನ್ನ ಕರ್ಕೊಂಡು ಬರ್ರಿ" ಅಂದ. ಹೋದೆವು.

ಹರಿಗೋಲಿಗೆ ಮುಂದು ಹಿಂದು ಇಲ್ಲ ಮಕ್ಕಳೇ. ಅದೊಂದು ದೊಡ್ಡ ಬುಟ್ಟಿ. ಬಿದಿರಿನ ಸೀಳು ಹೆಣೆದು, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಹಿಂದೆ ಚರ್ಮ ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಗೆ ದಾಟಿಸುವ ಇಂಥವನ್ನೇ ಕಂಡು ಬರೆದಿಟ್ಟಿದ್ದಾನೆ. ಒಂದರಲ್ಲಿ 15-20 ಜನ ಹಿಡಿಯುತ್ತಿದ್ದರಂತೆ, ಕುದುರೆ ಎತ್ತುಗಳೂ ದಾಟುತ್ತಿದ್ದವಂತೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತಿದ್ದವಂತೆ. ಐನೂರು ವರ್ಷವಾದರೂ ಆ ಸುತ್ತುವ ಬುದ್ಧಿ ಹೋಗಿಲ್ಲ!

ಇರುವುದು ಒಂದೇ ಹುಟ್ಟು. ಅಂಚಿಗೆ ಕೂತು ನೀರನ್ನು ತನ್ನತ್ತ ಎಳೆದುಕೊಳ್ಳಬೇಕು. "ಹಳೇದು ಹೇಳಿದಂಗ ಕೇಳ್ತಿತ್ರಿ, ಇದಿನ್ನೂ ಕೇಳವಲ್ದು" ಎಂದು ಅಂಬಿಗ ನಕ್ಕ. ಅಷ್ಟರಲ್ಲಿ ಮೊಮ್ಮಗ ಎದ್ದು ನಿಂತ. ಹರಿಗೋಲು ಒಂದು ಬದಿಗೆ ವಾಲಿತು, ನನ್ನ ಎದೆ ಧಸಕ್ಕೆಂದಿತು. "ಕುಂದ್ರಪ್ಪಾ ತಮ್ಮಾ!" ಎಂದು ಅಂಬಿಗ ಗದರಿದ. ಲೈಫ್ ಜಾಕೆಟ್ ಹಾಕಿಸಿದ್ದ, ಪುಣ್ಯ.

ಜಲಾಶಯದ ಗೇಟು ತೆರೆದು ಹೊಳೆ ತುಂಬಿದರೆ ಹರಿಗೋಲು ದಡ ಸೇರಬೇಕು. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದದ್ದು ನಿಮಗೂ ನೆನಪಿರಬಹುದು. ಹೊಳೆ ಇಳಿಯುವತನಕ ದುಡಿಮೆ ಇಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಕೌಂಟರಿನೊಳಗೆ ಕೂತು ಲೆಡ್ಜರ್ ಬರೆಯುವಾಗ ನನಗಿದು ಹೊಳೆದೇ ಇರಲಿಲ್ಲ.

ಸಂಜೆ ಮೂವರೂ ಸೇರಿ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿದೆವು. ಮೊಮ್ಮಗನ ಅಂಗಿಗೆಲ್ಲ ಡಾಂಬರು. ಮನೆಯಲ್ಲಿ ಅವನಜ್ಜಿಯಿಂದ ಬೈಸಿಕೊಂಡವನು ನಾನು.