ಸರಿಯಾದ ಆದೇಶ, ತಡವಾಗಿ

ಮೈದಾನದ ಅಂಚಿನ ಮರದ ನೆರಳಲ್ಲಿ ಒಂದು ಲ್ಯಾಪ್‌ಟಾಪ್. ಅದಕ್ಕೆ ವಿಡಿಯೋ ಗೇಮ್ ಆಡುವ ಜಾಯ್‌ಸ್ಟಿಕ್ ಸಿಕ್ಕಿಸಿಕೊಂಡು ಕೂತ ಹುಡುಗ ಹಿಡಿಕೆಯನ್ನು ಬಲಕ್ಕೆ ವಾಲಿಸುತ್ತಾನೆ. ಮೇಲೆ ಗುಂಯ್‌ಗುಡುತ್ತಿರುವ ಡ್ರೋನ್ ಕದಲುವುದಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನಷ್ಟು ವಾಲಿಸುತ್ತಾನೆ. ಅಷ್ಟರಲ್ಲಿ ಮೊದಲ ಆದೇಶ ಮುಟ್ಟಿ ಡ್ರೋನ್ ಬಲಕ್ಕೆ ಹೊರಡುತ್ತದೆ. ಬೆನ್ನಿಗೇ ಎರಡನೆಯದೂ ಮುಟ್ಟಿ ಧಾವಿಸುತ್ತದೆ. ಗಾಬರಿಯಿಂದ ಎಡಕ್ಕೆಳೆದರೆ ಅದೂ ತಡವಾಗಿಯೇ ತಲುಪುತ್ತದೆ. ಉಯ್ಯಾಲೆ ಶುರು.

ಲಾಡ್ಜಿನ ಬಚ್ಚಲಲ್ಲಿ ತಣ್ಣೀರೇ ಬರುತ್ತಿದೆಯೆಂದು ಬಿಸಿನೀರಿನ ನಲ್ಲಿಯನ್ನು ಇನ್ನೆರಡು ಸುತ್ತು ತಿರುಗಿಸಿ ಬೆನ್ನು ಸುಟ್ಟುಕೊಂಡವರಿಗೆ ಇದರ ಗಣಿತವನ್ನು ಬೇರೆ ಹೇಳಬೇಕಿಲ್ಲ.

ಈ ತಡ ಒಂದೇ ಕಡೆ ಹುಟ್ಟುವುದಲ್ಲ, ದಾರಿಯುದ್ದಕ್ಕೂ ಚಿಲ್ಲರೆಯಾಗಿ ಸೇರುತ್ತ ಹೋಗುತ್ತದೆ. ಹಿಡಿಕೆ ಎಲ್ಲಿದೆ ಎಂದು ಕಂಪ್ಯೂಟರ್ ಯುಎಸ್‌ಬಿ ಮೂಲಕ ಆಗಾಗ ವಿಚಾರಿಸುತ್ತದೆ. ಸೆಕೆಂಡಿಗೆ 125 ಸಲ ಕೇಳಿದರೆ ಎರಡು ಪ್ರಶ್ನೆಗಳ ನಡುವೆ 8 ಮಿಲಿಸೆಕೆಂಡ್. ಇದು ಲೆಕ್ಕಕ್ಕೇ ಇಲ್ಲ. ಆದರೆ ಡ್ರೋನ್ ನಡೆಸುವ ತಂತ್ರಾಂಶ ಆ ಉತ್ತರವನ್ನು ಸೆಕೆಂಡಿಗೆ 25 ಸಲ ಮಾತ್ರ ಮುಂದಕ್ಕೆ ಕಳಿಸಿದರೆ ಅಲ್ಲಿ 40 ಮಿಲಿಸೆಕೆಂಡಿನ ಅಂತರ. ಆಮೇಲೆ ಟೆಲಿಮೆಟ್ರಿ ರೇಡಿಯೋ. ಹವ್ಯಾಸಿಗಳು ಬಳಸುವ ಪುಟ್ಟ ರೇಡಿಯೋ ಒಂದೇ ವಾಹನ ಹಿಡಿಸುವ ಹಳೆ ಸೇತುವೆ ಇದ್ದಂತೆ: ಒಮ್ಮೆ ಈ ಕಡೆಯವರು, ಒಮ್ಮೆ ಆ ಕಡೆಯವರು. ಡ್ರೋನ್ ತನ್ನ ಬ್ಯಾಟರಿ, ಎತ್ತರ, ಜಿಪಿಎಸ್ ವಿವರ ಒಪ್ಪಿಸಿ ಮುಗಿಸುವ ತನಕ ಪೈಲಟ್‌ನ ಆದೇಶ ಸರದಿ ಕಾಯಬೇಕು. ಕೈಯಲ್ಲಿ ಹಿಡಿಯುವ ಮಾಮೂಲಿ ರಿಮೋಟಿಗೆ ಈ ಪಾಡಿಲ್ಲ. ಆದೇಶ ಸಾಗಿಸಲೆಂದೇ ಮೀಸಲಾದ ಕೊಂಡಿ ಅದಕ್ಕಿದೆ. ಡ್ರೋನ್ ರೇಸಿಂಗ್ ಹುಡುಗರ ನೆಚ್ಚಿನ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ಕೊಂಡಿ ಸೆಕೆಂಡಿಗೆ 500 ಸಲ ಆದೇಶ ದಾಟಿಸಬಲ್ಲದು.

ಇಷ್ಟಾದ ಮೇಲೆ ಮನುಷ್ಯನ ಪಾಲು. ಕಣ್ಣು ಕಂಡದ್ದಕ್ಕೆ ಕೈ ಓಗೊಡಲು 200 ಮಿಲಿಸೆಕೆಂಡಾದರೂ ಬೇಕು. ಎಲ್ಲ ಕೂಡಿ ಅರ್ಧ ಸೆಕೆಂಡಾಯಿತೆಂದರೆ, ಸೆಕೆಂಡಿಗೆ 10 ಮೀಟರ್ ವೇಗದ ಡ್ರೋನ್ ಅಷ್ಟರಲ್ಲಿ 5 ಮೀಟರ್ ಸಾಗಿರುತ್ತದೆ. ತೆಂಗಿನ ಮರ ಅದಕ್ಕಿಂತ ಹತ್ತಿರದಲ್ಲೇ ಇರಬಹುದು.

ತಡ ಸದಾ ಒಂದೇ ಅಳತೆಯಲ್ಲಿದ್ದರೆ ಕೈ ಅದನ್ನು ಹೇಗೋ ಕಲಿತುಕೊಳ್ಳುತ್ತದೆ. ಒಮ್ಮೆ 80, ಮರುಕ್ಷಣ 400 ಮಿಲಿಸೆಕೆಂಡ್ ಆಗುವುದೇ ನಿಜವಾದ ಪೀಡೆ. ಡ್ರೋನಿನ ಕ್ಯಾಮೆರಾದಿಂದ ವೈಫೈ ಮೇಲೆ ಬರುವ ವಿಡಿಯೋ ಈ ಏರುಪೇರನ್ನು ಮುಚ್ಚಲು ಒಂದಷ್ಟು ಚಿತ್ರಗಳನ್ನು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಪಕ್ಕದ ಮನೆಯವರು ಟಿವಿ ನೋಡಿ ಸಿಕ್ಸರ್ ಎಂದು ಕೂಗಿದಾಗ ನಮ್ಮ ಮೊಬೈಲಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುವುದಕ್ಕೆ ಇಂಥ ಕೂಡಿಡುವಿಕೆಯೂ ಒಂದು ಕಾರಣ. ಕ್ರಿಕೆಟ್ಟಿಗಾದರೆ ತೊಂದರೆಯಿಲ್ಲ, ಹಾರಾಟಕ್ಕಾದರೆ ಅದು ಕಳೆದುಹೋದ ಕಾಲದ ಚಿತ್ರ.

ಇಂಥ ಉಯ್ಯಾಲೆಯಲ್ಲಿ ಸಿಕ್ಕಿಕೊಂಡವರು ಹವ್ಯಾಸಿಗಳಷ್ಟೇ ಅಲ್ಲ. 1977ರ ಅಕ್ಟೋಬರ್ 26ರಂದು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ನೆಲೆಯಲ್ಲಿ ನಾಸಾದ ಬಾಹ್ಯಾಕಾಶ ಷಟಲ್ 'ಎಂಟರ್‌ಪ್ರೈಸ್' ತನ್ನ ಐದನೆಯ ಮತ್ತು ಕೊನೆಯ ಸ್ವತಂತ್ರ ಇಳಿಯುವಿಕೆಗೆ ಬಂತು. ಹಿಡಿಕೆ ಹಿಡಿದಿದ್ದವರು ಅಪೊಲೊ 13ರಲ್ಲಿ ಸಾವಿನ ದವಡೆಯಿಂದ ಪಾರಾಗಿ ಬಂದಿದ್ದ ಫ್ರೆಡ್ ಹೇಸ್. ನೋಡುತ್ತಿದ್ದವರಲ್ಲಿ ಬ್ರಿಟನ್ನಿನ ಆಗಿನ ಯುವರಾಜ ಚಾರ್ಲ್ಸ್ ಕೂಡ ಇದ್ದರು. ರನ್‌ವೇಯ ಗೊತ್ತಾದ ಜಾಗದಲ್ಲೇ ಇಳಿಸುವ ಹಟದಲ್ಲಿ ಹೇಸ್ ತಿದ್ದುತ್ತ ಹೋದರು. ಹಿಡಿಕೆಗೂ ರೆಕ್ಕೆಗೂ ನಡುವೆ ಕೂತ ಕಂಪ್ಯೂಟರುಗಳು ಪ್ರತಿ ತಿದ್ದುಪಡಿಯನ್ನೂ ಕೊಂಚ ತಡಮಾಡಿ ದಾಟಿಸುತ್ತಿದ್ದವು. ನೌಕೆಯ ಮೂಗು ಮೇಲೆ ಕೆಳಗೆ ಕುಣಿಯಿತು, ನೆಲಕ್ಕೆ ತಾಗಿ ಪುಟಿಯಿತು, ಆಚೀಚೆ ಓಲಾಡಿತು. ಹೇಸ್ ಕೈ ಸಡಿಲಿಸಿದ ಮೇಲೆಯೇ ಅದು ಸ್ಥಿಮಿತಕ್ಕೆ ಬಂದು ಸುಖವಾಗಿ ಇಳಿದದ್ದು. ಮುಂದೆ ನಾಸಾ ಒಂದು ಎಫ್-8 ವಿಮಾನದ ಕಂಪ್ಯೂಟರಿನೊಳಗೆ ಬೇಕೆಂದೇ ತಡವನ್ನು ತುರುಕಿ, ಎಷ್ಟಕ್ಕೆ ಪೈಲಟ್‌ಗಳು ಎಡವುತ್ತಾರೆ ಎಂದು ಪರೀಕ್ಷಿಸಿತು. ಷಟಲ್‌ಗೆ ಈ ತೂಗಾಟವನ್ನು ಅಡಗಿಸುವ ಫಿಲ್ಟರ್ ಬಂತು.

ದೊಡ್ಡ ಡ್ರೋನ್‌ಗಳ ಕಥೆಯೂ ಇದೇ. ಉಪಗ್ರಹದ ಮೂಲಕ ಆದೇಶ ಹೋಗಬೇಕೆಂದರೆ 36,000 ಕಿಲೋಮೀಟರ್ ಏರಿ ಅಷ್ಟೇ ಇಳಿಯಬೇಕು. ಬೆಳಕಿನ ವೇಗದಲ್ಲೂ ಒಂದು ದಿಕ್ಕಿಗೆ ಕಾಲು ಸೆಕೆಂಡು, ಚಿತ್ರ ಹಿಂತಿರುಗಲು ಇನ್ನೊಂದು ಕಾಲು. ಟಿವಿ ವಾರ್ತೆಯಲ್ಲಿ ಪ್ರಶ್ನೆ ಕೇಳಿದ ಮೇಲೂ ದೂರದೂರಿನ ವರದಿಗಾರ ಸುಮ್ಮನೆ ತಲೆಯಾಡಿಸುತ್ತ ನಿಲ್ಲುವುದಕ್ಕೂ ಈ ದಾರಿಯೇ ಕಾರಣ. ಅದಕ್ಕೇ ನೆವಾಡಾದಲ್ಲಿ ಕೂತು ಸಾವಿರಾರು ಮೈಲಿ ಆಚೆಯ ಪ್ರಿಡೇಟರ್, ರೀಪರ್ ಡ್ರೋನ್‌ಗಳನ್ನು ನಡೆಸಿದ ಅಮೆರಿಕದ ವಾಯುಪಡೆ ಅವುಗಳನ್ನು ಏರಿಸಿ ಇಳಿಸುವ ಕೆಲಸವನ್ನು ರನ್‌ವೇ ಪಕ್ಕದಲ್ಲೇ ಇರುವ ಬೇರೊಂದು ತಂಡಕ್ಕೆ ಬಿಟ್ಟಿತ್ತು.

ಇಷ್ಟು ತಡವಿದ್ದೂ ಮೈದಾನದ ಡ್ರೋನ್ ನೆಲಕ್ಕುರುಳುವುದಿಲ್ಲವಲ್ಲ? ಅದನ್ನು ಹಾರಿಸುತ್ತಿರುವುದು ಹುಡುಗನಲ್ಲ. ಆರ್ಡುಪೈಲಟ್ ತಂತ್ರಾಂಶವಿರುವ ನಾಲ್ಕು ಪ್ರೊಪೆಲ್ಲರಿನ ಡ್ರೋನ್ ತನ್ನ ಓರೆಯನ್ನು ತಾನೇ ಸೆಕೆಂಡಿಗೆ 400 ಸಲ ತಿದ್ದಿಕೊಳ್ಳುತ್ತದೆ. ಹುಡುಗ ಹೇಳುವುದು ಎತ್ತ ಹೋಗಬೇಕೆಂದಷ್ಟೇ. ಲಾಯ್ಟರ್ ಮೋಡ್‌ನಲ್ಲಿಟ್ಟರೆ ಹಿಡಿಕೆ ನಡುವಿಗೆ ಬಂದ ಕೂಡಲೇ ಅದು ಜಿಪಿಎಸ್ ನೋಡಿಕೊಂಡು ತಾನಾಗಿ ನಿಲ್ಲುತ್ತದೆ. ಹೇಸ್ ಕೊನೆಗೆ ಮಾಡಿದ್ದನ್ನು ಹೊಸಬರು ಮೊದಲೇ ಮಾಡಬಹುದು: ಚಿಕ್ಕದಾಗಿ ವಾಲಿಸಿ, ಕೈ ಬಿಟ್ಟು, ಕಾದು ನೋಡುವುದು.

ಜಾಯ್‌ಸ್ಟಿಕ್‌ನಿಂದಲೇ ಹಾರಿಸುವೆನೆನ್ನುವವರು ಮಾಮೂಲಿ ರಿಮೋಟನ್ನೂ ಆನ್ ಮಾಡಿ ಪಕ್ಕದಲ್ಲಿಟ್ಟುಕೊಳ್ಳಬೇಕು. ಲ್ಯಾಪ್‌ಟಾಪ್ ಮೂಕವಾದರೂ ಅದರ ಕೊನೆಯ ಆದೇಶವನ್ನು ಆರ್ಡುಪೈಲಟ್ ತನ್ನ ಮೂಲ ಹೊಂದಿಕೆಯಲ್ಲಿ 3 ಸೆಕೆಂಡ್ ನಂಬಿಕೊಂಡಿರುತ್ತದೆ. ಸೆಕೆಂಡಿಗೆ 10 ಮೀಟರ್ ಲೆಕ್ಕದಲ್ಲಿ ಅದು 30 ಮೀಟರ್.